ಮೂರನೆಯ ಅಭ್ಯರ್ಥಿ

ಗಾಳಿ ಜೋರಿದ್ದ ದಿನ ಪುಂಟಾ ಅರೇನಾಸಿನಲ್ಲಿ
ಬೀದಿಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲೆಂದು.
ಅದನ್ನು ಹಿಡಿದೇ ಬಂದಳು ಮಿಯಾರಾಯ್ ವೆಂಚುಮಾನ್,
ಕಂಪ್ಯೂಟರ್ ವಿಭಾಗದ ಒಂದೇ ಒಂದು ಹಂಗಾಮಿ ಹುದ್ದೆಗೆ.

ಮೊದಲನೆಯವನು ಸಂಬಳ ಕೇಳಿ ನಕ್ಕಿದ್ದ.
ಎರಡನೆಯವನು ಪರದೆಯ ಮೇಲೇ ಬಂದು
ಪರದೆಯ ಮೇಲೇ ಹೋಗಿದ್ದ.

ಇವಳು ಪಾಠ ಶುರುಮಾಡಿದ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.
ಸೀಮೆಸುಣ್ಣ ಕೇಳಿದಳು. ಇತ್ತು, ಪುಣ್ಯ.
ಕಿಟಕಿಯ ಬೂದು ಬೆಳಕಲ್ಲಿ ಎರಡು ಪೆಟ್ಟಿಗೆ ಬರೆದಳು:
"ಇವನ ಕೀಲಿ ಅವನ ಕೈಲಿ, ಅವನ ಕೀಲಿ ಇವನ ಕೈಲಿ.
ಇಬ್ಬರೂ ಸಭ್ಯರು. ಕಾಯುತ್ತಾರೆ.
ಯಂತ್ರ ಕೆಟ್ಟಿಲ್ಲ, ಸುಮ್ಮನೆ ನಿಂತಿದೆ."

ಡೀನ್ ಯಾಕ್ಸಿಚ್ ಕೆಮ್ಮಿದರು.
ವಿದ್ಯಾರ್ಥಿಗಳು ಬರಲಿ, ಖಾಯಂ ಹುದ್ದೆ ಕೊಡೋಣ ಎಂದವರು ಅವರು;
ಖಾಯಂ ಮಾಡಿ, ವಿದ್ಯಾರ್ಥಿಗಳು ಬರುತ್ತಾರೆ ಎಂದವಳು ನಾನು.
ಏಳು ವರ್ಷ. ಪತ್ರದ ಮೇಲೆ ಪತ್ರ.

"ಬಿಡಿಸುವುದು ಹೇಗೆ?" ಹಿಂದಿನ ಬೆಂಚಿನ ಹುಡುಗಿ.
"ಒಬ್ಬರು ಮೊದಲು ಕೈಬಿಡಬೇಕು.
ಪುಸ್ತಕದಲ್ಲಿ ಅದು ಒಂದೇ ಸಾಲು."

ಸಂಜೆ, ನಡವಳಿಯಲ್ಲಿ 'ಹಂಗಾಮಿ' ಎಂಬ ಪದದ ಮೇಲೆ
ಡೀನರ ಪೆನ್ನು ಬಹಳ ಹೊತ್ತು ನಿಂತಿತ್ತು.
ಹೊಡೆದುಹಾಕಿದರೋ ಇಲ್ಲವೋ, ನೋಡಲಿಲ್ಲ.
ನಾನು ಕಿಟಕಿಯಲ್ಲಿದ್ದೆ:
ಕೆಳಗೆ ಅವಳು ಹಗ್ಗ ಹಿಡಿದು ಹೋಗುತ್ತಿದ್ದವಳು
ಮೂಲೆಯಲ್ಲಿ ಒಂದು ಗಳಿಗೆ ಎರಡೂ ಕೈ ಬಿಟ್ಟು
ಟೋಪಿ ಸರಿಮಾಡಿಕೊಂಡಳು.