ತೇವಾಂಶ

ಗೋಣಿಕೊಪ್ಪದ ಕಾಫಿ ಮಂಡಿಯಲ್ಲಿ
ಇಪ್ಪತ್ತಾರು ವರ್ಷ ಕಾಟಾದ ಮುಂದೆ ಕೂತವನು ನಾನು.
ಚೀಲದ ಬಾಯಿಗೆ ಕೈ ಹಾಕಿ ಒಂದು ಬೀಜ ತೆಗೆದು
ಹಲ್ಲಿನಲ್ಲಿ ಕಚ್ಚಿ, ಉಗಿದು, ಹೇಳುತ್ತಿದ್ದೆ:
ಹದಿಮೂರು. ಇನ್ನೆರಡು ಬಿಸಿಲು ಬೇಕು.
ಬೆಳೆಗಾರರು ಬೈಯುತ್ತಿದ್ದರು. ಮೆಷಿನ್ ಇಟ್ಟು ನೋಡಿದರೆ
ಹದಿಮೂರೇ.

ಕೈಲ್ ಪೊಳ್ದಿನ ಮರುದಿನ, ಮಳೆ ಬಿಟ್ಟ ಹೊತ್ತು,
ಮಂಡಿಯಲ್ಲಿ ಗಿರಾಕಿಯಿಲ್ಲ, ಕೆಲಸವಿಲ್ಲ.
ಲೋಡರ್ ಮೊಯ್ದು ಅಂದ: ಹತ್ತಿ ರೈಟ್ರೇ,
ಇವತ್ತು ನಿಮ್ಮದೂ ಆಗಿಬಿಡಲಿ.
ಹತ್ತಿದೆ. ಚೀಟಿ ಬರೆದು ಕೈಗಿಟ್ಟ:
ಎರಡು ಮೂಟೆ. ಕೊಂಚ ಕಮ್ಮಿ.
ನಾನು ನಗುತ್ತಾ ಇಳಿದೆ,
ಮೊಣಕಾಲು ನಗಲಿಲ್ಲ.

ವಿರಾಜಪೇಟೆಯ ಡಾಕ್ಟರಮ್ಮ ರಕ್ತದ ಕಾಗದ ನೋಡಿ
ಕೇಳಿದ್ದು ಒಂದೇ: ದಿನಕ್ಕೆ ಎಷ್ಟು ಸಲ ಅಕ್ಕಿ?
ಬೆರಳು ಮಡಿಸಿದೆ. ಬೆಳಿಗ್ಗೆ ಅಕ್ಕಿ ಒಟ್ಟಿ,
ಹನ್ನೊಂದಕ್ಕೆ ಮಿಕ್ಕಿದ ನೂಪುಟ್ಟು, ಮಧ್ಯಾಹ್ನ ಅನ್ನ,
ಸಂಜೆ ಕಾಫಿಗೆ ಒಂದು ತುಂಡು ಪಾಪುಟ್ಟು,
ರಾತ್ರಿ ಕಡಂಬುಟ್ಟು, ಆರು,
ಎಂದೆ, ಒಂಬತ್ತು ಎನ್ನಲು ನಾಚಿ.
ಅಕ್ಕಿ ಬಿಡಿ, ಅಂದರು.
ಮನೆತನದ ಹೆಸರು ಬಿಡಿ ಅಂದ ಹಾಗೆ ಕೇಳಿಸಿತು.
ಮತ್ತೆ... ಪಂದಿ?
ದನಿ ಸಣ್ಣ ಮಾಡಿ ಕೇಳಿದೆ.
ಅಳತೆಯಲ್ಲಿ ತಿನ್ನಿ. ಒಂಟಿಯಾಗಿ.

ಒಂಟಿ ಪಂದಿ ಕರಿ ಎಂದರೆ ಏನೆಂದು
ನಮ್ಮವರಿಗಲ್ಲದೆ ಯಾರಿಗೆ ಹೇಳಲಿ?
ಕಪ್ಪು ಗಸಿ ತಟ್ಟೆಯ ತುಂಬ ಹರಿದಾಡುತ್ತದೆ,
ತಡೆದು ನಿಲ್ಲಿಸಲು ಒಂದು ಬಿಳಿ ಉಂಡೆಯಿಲ್ಲ.
ಕಾಚಂಪುಳಿ ನೇರ ಬಂದು ನಾಲಿಗೆಯ ಮೇಲೆ ಕೂರುತ್ತದೆ,
ನಡುವೆ ಸಮಾಧಾನ ಹೇಳುವವರಿಲ್ಲ.
ಎದುರಿಗೆ ಪೊನ್ನವ್ವ ತನ್ನ ಕಡಂಬುಟ್ಟು ಮುರಿದಳು.
ಹಬೆ ಎದ್ದು ದಾರಿ ಗೊತ್ತಿದ್ದ ಹಾಗೆ
ನನ್ನ ಕಡೆಗೇ ಬಂತು.
ಹಬೆಗೆ ಲೆಕ್ಕವಿಲ್ಲ, ತಗೊಳ್ಳಿ, ಅಂದಳು.

ಮೊದಲ ವಾರ ತಲೆನೋವು, ಸಿಟ್ಟು.
ಸಣ್ಣದಕ್ಕೆಲ್ಲ ಮೊಯ್ದುವಿಗೆ ಬೈದೆ.
ಮೂರು ಕಿಲೋ ಇಳಿಯಿತು. ಓಡಿಹೋಗಿ ಹೇಳಿದರೆ
ಡಾಕ್ಟರಮ್ಮ ತಲೆಯೆತ್ತದೆ ಅಂದರು:
ಹಿಗ್ಗಬೇಡಿ, ಹೆಚ್ಚಿನದು ನೀರು.
ನೀರು!
ಎಷ್ಟು ಜನಕ್ಕೆ ಇದೇ ಮಾತು ಹೇಳಿ
ಚೀಟಿಯಲ್ಲಿ ಕಳೆದಿದ್ದೇನೆ ನಾನು,
ಈ ತೂಕ ಕಾಫಿಯದಲ್ಲ, ನೀರಿನದು ಎಂದು.
ಅವರ ಮುಖ ಏನಾಗುತ್ತಿತ್ತೆಂದು
ಆವತ್ತು ಕನ್ನಡಿಯಿಲ್ಲದೆಯೇ ತಿಳಿಯಿತು.

ಆಮೇಲೆ ನಿಧಾನ. ಮೊಟ್ಟೆ, ಕುಮ್ಮು, ಕೆಸದ ಎಲೆ,
ಉಪ್ಪುನೀರಿನಲ್ಲಿಟ್ಟ ಬೈಂಬಳೆ.
ಬೈಂಬಳೆ ತಿಂದು ತಿಂದು ನನ್ನ ಬೆವರಿಗೂ
ಆ ವಾಸನೆ ಬಂತೆಂದು ಹಾಸಿಗೆ ಸರಿಸಿದಳು ಪೊನ್ನವ್ವ.
ಪೊನ್ನಂಪೇಟೆಯ ಮದುವೆಯಲ್ಲಿ ಸೋತೆ;
ಅಡುಗೆಮನೆಯ ಬಾಗಿಲ ಹಿಂದೆ, ನಿಂತುಕೊಂಡೇ, ನಾಲ್ಕು.
ಬಡಿಸುವ ಹುಡುಗ ನೋಡಿದ. ಏನೂ ಅನ್ನಲಿಲ್ಲ,
ಐದನೆಯದು ಕೊಟ್ಟ.

ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ.
ಮಂಡಿಯ ಮೆಟ್ಟಿಲು ಒಂದೇ ಉಸಿರಿಗೆ.
ಮೊಯ್ದು ಚೀಟಿ ಬರೆಯುತ್ತಲೇ ಇದ್ದ:
ಒಂದು ಮೂಟೆ, ಮೂವತ್ತೊಂಬತ್ತು.
ಒಂದು ಮೂಟೆ, ಮೂವತ್ತಾರು.

ಹಾಗೇ ಪುತ್ತರಿ ಬಂತು.
ಬೆಳದಿಂಗಳು, ಗದ್ದೆಯಂಚು, ತೂಟೆ ಬೆಳಕು, ಕೆಸರು ಕಾಲು.
ಕೋವಿ ಹಾರಿತು. ಕುಡುಗೋಲಿಗೆ ಕದಿರು ಬಂತು.
ಎಲ್ಲರ ಜೊತೆ ನಾನೂ ಕೂಗಿದೆ, ಎದೆಬಿಚ್ಚಿ:
ಪೊಲಿ ಪೊಲಿಯೇ ದೇವಾ!
ಹೆಚ್ಚಲಿ ದೇವರೇ, ಹೆಚ್ಚಲಿ!
ಪೊನ್ನವ್ವ ಪಕ್ಕೆಗೆ ತಿವಿದಳು:
ನೀವು ಸ್ವಲ್ಪ ಮೆಲ್ಲಗೆ ಕೂಗಿ.

ಮನೆಗೆ ನಡೆಯುವ ದಾರಿಯಲ್ಲಿ, ಹಿಂದೆ ಉಳಿದು,
ಕದಿರಿನಿಂದ ಒಂದು ಕಾಳು ಬಿಡಿಸಿದೆ.
ಉಗುರಿನಲ್ಲಿ ಹೊಟ್ಟು ಸುಲಿದು, ಹಳೆಯ ಅಭ್ಯಾಸಕ್ಕೆ,
ಹಲ್ಲಿನ ನಡುವೆ ಇಟ್ಟು ಕಚ್ಚಿದೆ.
ಇಪ್ಪತ್ತೆರಡು. ಇನ್ನೂ ಹಸಿ.
ಒಳಗೆಲ್ಲೋ ಹಾಲಿನ ನೆನಪು.

ಉಗಿಯಲಿಲ್ಲ.