ಒಂಟಿ ಜೋಡಿ

ಕೊಣಾಜೆ ಗುಡ್ಡದ ಲ್ಯಾಬಿನಲ್ಲಿ
ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಸೇಂದಿ ಹಾಕಿ ಹುದುಗಿಸಿದ ಹಿಟ್ಟಿನ ವಾಸನೆ.
ನಲವತ್ತೆಂಟು ಗಂಟೆ ತುಂಬಿದ ತಟ್ಟೆಗಳನ್ನು
ಒಂದೊಂದಾಗಿ ಬೆಳಕಿಗೆ ಹಿಡಿಯುತ್ತೇನೆ.

ಕ್ಯಾಂಡಿಡಾ ಅಲ್ಬಿಕಾನ್ಸ್:
ಬಿಳಿಯದು, ಬಿಳಿಯಾಗುತ್ತಲೇ ಇರುವುದು.
ಹೆಸರಿಟ್ಟವನಿಗೆ ಬೇರೇನೂ ಕಾಣಲಿಲ್ಲವೇನೋ.
ನಡುವೆ ನನ್ನ ಬಿಲ್ಲೆ, ನೀಲಿ ಕುಡಿದ ಸೋಸುಕಾಗದ,
ಸುತ್ತ ಒಂದು ಖಾಲಿ ಬಳೆ.
ಸ್ಕೇಲಿಟ್ಟೆ. ಹದಿನೆಂಟು ಮಿಲಿಮೀಟರ್.
ನಾಲ್ಕು ವರ್ಷ ದುಡಿದು
ಏನೂ ಬೆಳೆಯದ ಇಷ್ಟು ಜಾಗ.

ತಾಮ್ರ ಒಬ್ಬಂಟಿಯಾಗಿ ಹೋದರೆ
ಬೂಸಿನ ಎಣ್ಣೆಗೋಡೆ ಹೊರಗೇ ನಿಲ್ಲಿಸುತ್ತದೆ.
ಮೈತುಂಬ ಚಾರ್ಜು, ನೀರಿನ ಕಡೆಯವನು, ಒಳಗೆ ಬಿಡುವುದಿಲ್ಲ.
ಆಗ ನೈಟ್ರೋಜನ್ ಬರುತ್ತದೆ.
ಅದರ ಬಳಿ ಒಂದು ಒಂಟಿ ಜೋಡಿ
(ಪಾಠದಲ್ಲಿ ಹಾಗೇ ಇದೆ, ನಗಬೇಡಿ)
ಯಾರಿಗೂ ಕೊಡದೆ ಇಟ್ಟುಕೊಂಡ ಎರಡು ಎಲೆಕ್ಟ್ರಾನು.
ಎರಡನ್ನೂ ತಾಮ್ರದ ಮುಂದಿಡುತ್ತದೆ,
ಸಾಲವಲ್ಲ, ಪಾಲೂ ಕೇಳುವುದಿಲ್ಲ.
ಏಡಿ ಎರಡೂ ಕೈಯಲ್ಲಿ ಕಚ್ಚಿ ಹಿಡಿದ ಹಾಗೆ ಹಿಡಿದು
ಗೋಡೆ ದಾಟಿಸುತ್ತದೆ.

ವಾರಿಜತ್ತೆ ದಕ್ಕೆಯಲ್ಲಿ ಸಿಗಡಿ ಸುಲಿಯುತ್ತಾಳೆ
ಮಂಜುಗಡ್ಡೆಯ ನೀರಿನಲ್ಲಿ.
ಅವಳ ಬೆರಳ ಸಂದು ನೆನೆದ ಅವಲಕ್ಕಿ.
ನನ್ನ ಎಮ್ಮೆಸ್ಸಿಯ ಫೀಸು ಆ ಸಂದುಗಳಿಂದಲೇ ಬಂತು.
ಒಂದು ರಾತ್ರಿ ಅವಳು ಧಾರಾವಾಹಿಯಲ್ಲಿ ಮುಳುಗಿದ್ದಾಗ
ಹತ್ತಿ ಕಡ್ಡಿಯಿಂದ ಒರೆಸಿ ತಂದೆ.
ಕಮಿಟಿಗೆ ಅರ್ಜಿಯಿಲ್ಲ, ಸಹಿಯಿಲ್ಲ.
“ಕಚಗುಳಿ ಇಡಬೇಡ ಮಾರಾಯ್ತಿ”
ಅಂದದ್ದೇ ಒಪ್ಪಿಗೆ.

ಅದರ ತಟ್ಟೆ ಇದು, ಕೊನೆಯದು,
ಮುಚ್ಚಳದ ಮೇಲೆ ‘ವಾ’ ಅಂತ ಬರೆದದ್ದು.
ಬಿಲ್ಲೆ ಇದೆ. ನೀಲಿ ಇದೆ.
ಬಳೆ ಇಲ್ಲ.
ಅಂಚಿನವರೆಗೂ ಬೆಳೆದು
ಒಂದು ಕಡೆ ಬಿಲ್ಲೆಯ ಮೇಲೂ ಹತ್ತಿದೆ.

ಲ್ಯಾಬಿನ ತಳಿ ಕೊಳವೆಯಲ್ಲಿ ಹುಟ್ಟಿ ಕೊಳವೆಯಲ್ಲೇ ದೊಡ್ಡದಾದದ್ದು,
ಗದರಿದರೆ ಸರಿಯುತ್ತದೆ.
ಇದು ಉಪ್ಪು ಕಂಡದ್ದು, ಐಸು ಕಂಡದ್ದು,
ಮೆಡಿಕಲ್ಲಿನ ಹತ್ತು ನಮೂನೆ ಮುಲಾಮು,
ಹರಾಜು ಕೂಗುವವನ ಬೈಗುಳ.

ದಾಖಲೆಯಿಲ್ಲದ್ದು ಡೇಟಾ ಅಲ್ಲ, ಅಂದರು ಗೈಡು.
ಸರಿಯೇ.
ಆಟೋಕ್ಲೇವಿಗೆ ಹಾಕಿದೆ. ನೂರಿಪ್ಪತ್ತೊಂದು ಡಿಗ್ರಿ, ಹದಿನೈದು ನಿಮಿಷ.
ಅಲ್ಲಿ ಯಾರೂ ಉಳಿಯುವುದಿಲ್ಲ.
ಪ್ರಬಂಧದ ಕೋಷ್ಟಕದಲ್ಲಿ ಹದಿನೆಂಟು ಮಾತ್ರ ಇರುತ್ತದೆ.

ಸಂಜೆಯ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆ.
ಅತ್ತೆ ಹೊಸ್ತಿಲಲ್ಲಿ ಬೆರಳು ಅಗಲಿಸಿ
ಗಾಳಿಗೆ ಹಿಡಿದು ಕೂತಿದ್ದಳು.
“ಎನ್ನವು ದಾದ ಆಂಡ್?”
ನಿನ್ನದು ಸಾಯಲಿಲ್ಲ ಅತ್ತೆ, ಅಂದೆ.
ಕೈ ತಿರುಗಿಸಿ ನೋಡಿಕೊಂಡಳು,
ರಿಸಲ್ಟಿನಲ್ಲಿ ತನ್ನ ನಂಬರು ಸಿಕ್ಕವಳ ಹಾಗೆ
ಒಂಚೂರು ನಕ್ಕಳು.
ಆಮೇಲೆ ತುರಿಸಿಕೊಂಡಳು.
ನಾಲ್ಕಕ್ಕೆ ಅಲಾರಾಂ ಇಡು,
ಮೊದಲ ದೋಣಿ ತಪ್ಪಬಾರದು, ಅಂದಳು.