ಗಾಳಿ ಹಿಡಿಯುವ ಬಟ್ಟೆ

ಮೂವತ್ತು ವರ್ಷ ನಾನು ಹೊಲಿದದ್ದು
ಗಾಳಿಗೆ ದಾರಿ ಬಿಡುವ ಬಟ್ಟೆ.
ಶಾಮಿಯಾನದ ನೆತ್ತಿಗೆ ಅಂಗೈಯಗಲ ಕಿಂಡಿ,
ಕಿಂಡಿಗೊಂದು ರೆಪ್ಪೆ.
ಇಲ್ಲದಿದ್ದರೆ ಉಣ್ಣುವವರ ತಲೆ ಮೇಲಿಂದ
ಚಪ್ಪರವೇ ಎದ್ದು ಹೋಗುತ್ತದೆ.

ಸಾಗರದ ನನ್ನ ಅಂಗಡಿಗೆ ಕೆರಿಯಪ್ಪ ಬಂದಾಗ
ಪಕ್ಕದಂಗಡಿಯ ಹೊಸ್ತಿಲಲ್ಲಿ ದೀಪಾವಳಿಯ ಎಣ್ಣೆಕಲೆ
ಇನ್ನೂ ಆರಿರಲಿಲ್ಲ.
ಹಿನ್ನೀರಿನ ಲಾಂಚಿಗೆ ಇಪ್ಪತ್ತೆರಡು ವರ್ಷ ಚುಕ್ಕಾಣಿ ಹಿಡಿದವನು,
ಸೇತುವೆಯಾದ ಮೇಲೆ
ಕೈ ಎಲ್ಲಿಡಬೇಕೆಂದು ತಿಳಿಯದವನು.
ಸಿಮೆಂಟು ಚೀಲದ ಕಾಗದದಲ್ಲಿ ಮುಕ್ಕೋನ ಗೀಚಿ ತಂದಿದ್ದ.
"ಜೈತೂನಕ್ಕ, ಗಾಳಿ ಹಿಡಿಯೋ ಬಟ್ಟೆ ಬೇಕು.
ಒಂದು ತೂತೂ ಇರಬಾರ್ದು."

ಎಲ್ಲಿಗೆ ಎಂದೆ. ತೆಂಕಕ್ಕೆ ಎಂದ.
ಯಾಕೆ ಎಂದು ಕೇಳಲಿಲ್ಲ.
ಅಳತೆ ತೆಗೆಯುವವರು ಅದನ್ನೆಲ್ಲ ಕೇಳಬಾರದು.

ದೋಣಿ ಹೊಳೆಬಾಗಿಲ ದಂಡೆಯಲ್ಲಿ ಬೋರಲು ಮಲಗಿತ್ತು.
ಅವನ ತಂಗಿಯ ಮಗಳು ನೇತ್ರಿ
ಹಲಗೆಯ ಸಂದಿಗೆ ನಾರು ತುರುಕಿ
ದೂಪದ ಮರದ ರಾಳ ಕಾಯಿಸಿ ಮೆತ್ತುತ್ತಿದ್ದಳು,
ಕೂದಲಿಗೂ ಒಂದಿಷ್ಟು.
ಕೂವೆಕಂಬಕ್ಕೆ ಸುರಹೊನ್ನೆ, ಗಾಳಿಗೆ ತಾನೇ ಬಿದ್ದದ್ದು.
ಈ ಕಾಡಿನ ಹೊನ್ನೆ ಹಿಂದೆಲ್ಲ
ಹಡಗು ಹತ್ತಿ ದೇಶ ನೋಡುತ್ತಿತ್ತಂತೆ.
ಹೇಳಿದವರು ತೀರ್ಥಹಳ್ಳಿ ದಾಟಿದವರಲ್ಲ.

ಮೊದಲ ಹಾಯಿ ಚಪ್ಪಟೆಯಾಗಿ ಹೊಲಿದೆ.
ಏರಿಸಿದರೆ ತಂತಿಗೆ ಹಾಕಿದ ಪಂಚೆಯಂತೆ
ಪಟಪಟ ಬೈಯಿತೇ ಹೊರತು
ದೋಣಿ ಕದಲಲಿಲ್ಲ.

ಬಿಚ್ಚಿದೆ.
ಹದಿನಾರರಲ್ಲಿ ಮೊದಲು ಕಲಿತದ್ದು ನೆನಪಾಯಿತು:
ರವಿಕೆಯ ಟಕ್ಸು.
ಬಟ್ಟೆ ಮೈ ಹಿಡಿಯಬೇಕಾದರೆ ಅಂಚು ಬಾಗಬೇಕು,
ಒಳಗೆ ಜಾಗ ಬಿಟ್ಟಿರಬೇಕು,
ಇನ್ನೂ ಬಾರದವರಿಗೆ ಮಣೆ ಹಾಕಿದ ಹಾಗೆ.

ಮೂರನೆಯ ಪಟ್ಟಿಯ ಹೊತ್ತಿಗೆ ಕರೆಂಟು ಹೋಯಿತು.
ಕರೆಂಟು ಹುಟ್ಟಿಸುವ ನೀರಿನ ಮಗ್ಗುಲಲ್ಲೇ
ನಮಗೆ ಕತ್ತಲೆ, ಹೊಸತಲ್ಲ.
ದಬ್ಬಣ, ಮೇಣ ಹಚ್ಚಿದ ದಾರ,
ಬೆರಳಿಗೆ ಸುತ್ತಿದ ಚಿಂದಿ.
ಅದೊಂದು ಪಟ್ಟಿ ಕೈಹೊಲಿಗೆಯಲ್ಲೇ ಮುಗಿಸಿದೆ.

ಶರಾವತಿಗೆ ಸಮುದ್ರದ ದಾರಿ ಗೊತ್ತು,
ಕೊಳವೆಯಲ್ಲಿಳಿದು, ಚಕ್ರ ತಿರುಗಿಸಿ, ಹೇಗೋ.
ದೋಣಿಗೆ ಆ ದಾರಿಯಿಲ್ಲ.
ದೋಣಿ ಲಾರಿ ಹತ್ತಿತು.
ಮಾವಿನಗುಂಡಿ ಘಾಟಿಯ ಎರಡನೆಯ ತಿರುವಿನಲ್ಲಿ
ಕೂವೆಕಂಬದ ತುದಿಗೆ ಕಟ್ಟಿದ್ದ ನನ್ನ ಕೆಂಪು ತುಂಡು
ಮಂಜಿಗೆ ಹೋಯಿತು.
ಹೊನ್ನಾವರದಲ್ಲಿ ನೀರೂ ದೋಣಿಯೂ ಮತ್ತೆ ಸಿಕ್ಕವು.
ಅಷ್ಟರಲ್ಲಿ ನೀರು ಉಪ್ಪಾಗಿತ್ತು.

ಭಟ್ಕಳದಿಂದ ಫೋನು.
"ಅಕ್ಕ, ಬೆಳಗಿನ ಗಾಳಿ ನಮ್ಮ ಕಡೆಯಿಂದ್ಲೇ ಬರ್ತದೆ,
ಮೂಡಿಂದ, ಥಂಡಿ.
ನಿನ್ನೆ ತರಗೆಲೆ ಸುಟ್ಟ ವಾಸನೆಯಿತ್ತು.
ಮಧ್ಯಾಹ್ನ ತಿರುಗಿ ಬಡಗು-ಪಡುವಿಂದ ಬೆನ್ನಿಗೆ ಬಡೀತದೆ.
ನಡುವೆ ಒಂದು ಗಂಟೆ ಏನೂ ಇಲ್ಲ.
ಆಗ ಗಂಜಿ."

ಗಂಗೊಳ್ಳಿಯಿಂದ:
ಒಂದು ಹೊಲಿಗೆ ಬಿಟ್ಟಿತು, ಬಲೆ ದಾರದಲ್ಲಿ ಹಾಕಿದೀನಿ,
ಸೊಟ್ಟ, ಬೈಬೇಡ.
ಮೂರನೇದಾ ಎಂದೆ, ಎದೆ ಹಿಡಿದು.
"ಅದು ಕಲ್ಲು. ಬಿಟ್ಟಿದ್ದು ಮಿಷಿನ್ನಿಂದು."

ಮಲ್ಪೆ ದಾಟಿದ ಮೇಲೆ ಫೋನಿಲ್ಲ.
ರಾತ್ರಿ ಅಂಗಡಿ ಮುಚ್ಚುವಾಗ
ಒಂದು ಎಳೆ ದಾರ ಬೆರಳಲ್ಲಿ ಇಳಿಬಿಟ್ಟು ನಿಲ್ಲುತ್ತೇನೆ.
ಅದು ಪಡುವಕ್ಕೆ ವಾಲಿದರೆ ಬೀಗ ಹಾಕುತ್ತೇನೆ.
ವಾಲದಿದ್ದರೆ ಇನ್ನೂ ಸ್ವಲ್ಪ ನಿಲ್ಲುತ್ತೇನೆ.

ಮೊನ್ನೆ ಆನಂದಪುರದ ಮದುವೆ. ಹೊಸ ಶಾಮಿಯಾನ.
ನೆತ್ತಿಗೆ ಕಿಂಡಿ ಬಿಡುವುದನ್ನು ಮರೆತಿದ್ದೆ,
ಮರೆತಿದ್ದೆನೋ ಏನೋ.
ಎರಡನೇ ಪಂಕ್ತಿಗೆ ಸಾರು ಬರುವ ಹೊತ್ತಿಗೆ
ಬಟ್ಟೆ ಹೊಟ್ಟೆ ತುಂಬಿಕೊಂಡು ಎದ್ದಿತು, ಗೂಟ ಕಿತ್ತಿತು.
ಹಗ್ಗ ಹಿಡಿದಿದ್ದ ಇಬ್ಬರು ಹುಡುಗರು ಕೈಬಿಡದೆ
ಅದರ ಜೊತೆ ಓಡಿದರು, ಗದ್ದೆಯ ಬದು ದಾಟಿ.
ಎಲ್ಲರೂ ನನ್ನನ್ನು ಬೈಯುತ್ತಿದ್ದರು.
ನಾನು ಹಣೆಗೆ ಕೈಯಡ್ಡ ಹಿಡಿದು
ಅದು ಯಾವ ದಿಕ್ಕಿಗೆ ಹೊರಟಿದೆ ಎಂದು ನೋಡುತ್ತಿದ್ದೆ.